ನಮ್ಮ ಸಂಘಕ್ಕೆ ನೋಂದಣಿ

ಅಕ್ಷರ ಕಲಿತ ಅಕ್ಕಂದಿರೆ, ಅಣ್ಣಂದಿರೆ,

ನಮ್ಮ ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದ ಊರುಗಳಲ್ಲಿ ಭಜನಾ ಮೇಳ ಇವೆ. ತರುಣ ಮಂಡಳ ಇವೆ. ಕನ್ನಡ ವಾಚನಾಲಯ ನಡೆಸಬೇಕೆಂಬ ಆಸೆಯೂ ಕೆಲವು ಕಡೆ ಇದೆ. ಕೂಡಿ ಕೆಲಸ ಮಾಡುವುದು ನಮಗೆ ಹೊಸದಲ್ಲ. ಆದರೆ ಕೂಡಿಸಿದ ದುಡ್ಡು ಯಾರ ಹೆಸರಿನಲ್ಲಿದೆ? ಕೊಂಡ ಜಾಗ ಯಾರ ಹೆಸರಿನಲ್ಲಿದೆ? ಈ ಪಾಠದಲ್ಲಿ ಅದನ್ನು ತಿಳಿಯೋಣ.

ನೋಂದಣಿ ಯಾಕೆ ಬೇಕು?

ಒಂದು ಊರು ಅಂತ ಇಟ್ಟುಕೊಳ್ಳಿ. ಊರವರು ಪಟ್ಟಿ ಕೂಡಿಸಿ ವಾಚನಾಲಯಕ್ಕೆ ಜಾಗ ಕೊಂಡರು. ಊರಿನ ಹಿರಿಯರೊಬ್ಬರ ಮೇಲೆ ಎಲ್ಲರಿಗೂ ನಂಬಿಕೆ. ಜಾಗದ ಉತಾರ ಅವರ ಹೆಸರಿಗೇ ಆಯಿತು. ಹತ್ತು ವರ್ಷದ ಮೇಲೆ ಹಿರಿಯರು ತೀರಿಕೊಂಡರು. ಉತಾರದಲ್ಲಿ ಅವರ ಮಕ್ಕಳ ಹೆಸರು ಬಂತು. "ಇದು ನಮ್ಮ ಅಪ್ಪನ ಜಾಗ" ಎಂದರು ಮಕ್ಕಳು. ಕಾಗದ ಅವರ ಕಡೆ ಇತ್ತು. ಊರವರ ಕಡೆ ಬರೀ ಮಾತು ಇತ್ತು.

ಇಲ್ಲಿ ಹಿರಿಯರು ಮೋಸ ಮಾಡಲಿಲ್ಲ. ಊರವರು ಕೂಡಿದ್ದು ನಿಜ, ಆದರೆ ಕಾಯ್ದೆಯ ಕಣ್ಣಿಗೆ ಅಲ್ಲಿ ಸಂಘವೇ ಇರಲಿಲ್ಲ. ನೋಂದಣಿ ಆದರೆ ಸಂಘಕ್ಕೆ ತನ್ನದೇ ಹೆಸರು ಬರುತ್ತದೆ. ಜಾಗ, ಪುಸ್ತಕ, ಬ್ಯಾಂಕ್ ಖಾತೆ ಎಲ್ಲ ಸಂಘದ್ದೇ ಆಗುತ್ತವೆ. ಮನುಷ್ಯರು ಬರುತ್ತಾರೆ, ಹೋಗುತ್ತಾರೆ. ಸಂಘ ಉಳಿಯುತ್ತದೆ.

ಎರಡು ಕಾಯ್ದೆಗಳು

ಮಹಾರಾಷ್ಟ್ರದಲ್ಲಿ ಇಂಥ ಸಂಘಕ್ಕೆ ಎರಡು ಕಾಯ್ದೆಗಳಿವೆ. ಒಂದು, 1860ರ ಸಂಘಗಳ ನೋಂದಣಿ ಕಾಯ್ದೆ. ಎರಡು, 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆ. ಎರಡರ ಕೆಲಸವೂ ಧರ್ಮಾದಾಯ ಆಯುಕ್ತರ ಕಚೇರಿಯಲ್ಲೇ ಆಗುತ್ತದೆ. ಅಕ್ಕಲಕೋಟದವರು ಸೊಲ್ಲಾಪುರಕ್ಕೆ ಹೋಗಬೇಕು. ಜತ್ತ ತಾಲೂಕಿನವರು ಸಾಂಗಲಿಗೆ ಹೋಗಬೇಕು. ಕೆಲಸ ಪೂರ್ತಿಯಾದಾಗ ಎರಡು ಪ್ರಮಾಣಪತ್ರ ಕೈಗೆ ಬರಬೇಕು. ಒಂದೇ ಬಂದರೆ "ಇನ್ನೊಂದು ಎಲ್ಲಿ?" ಎಂದು ಕೇಳಿರಿ.

ಬಚತ ಗಟ ಬೇರೆ, ಸಂಘ ಬೇರೆ

ಬಚತ ಗಟದಲ್ಲಿ ನಾವು ಇಟ್ಟ ಉಳಿತಾಯ ನಮ್ಮದೇ. ಸಂಘದಲ್ಲಿ ಹಾಗಲ್ಲ. ಸಂಘದ ದುಡ್ಡನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ. ಮುಂದೆ ಸಂಘ ಮುಚ್ಚಿದರೂ ಸಾಲ ತೀರಿಸಿ ಉಳಿದದ್ದನ್ನು ಮನೆಗೆ ಒಯ್ಯುವಂತಿಲ್ಲ. ಅದು ಅಂಥದೇ ಇನ್ನೊಂದು ಸಂಘಕ್ಕೆ ಹೋಗಬೇಕು. ಇದನ್ನು ಮೊದಲೇ ಎಲ್ಲರಿಗೂ ತಿಳಿಸಿ ಹೇಳಿರಿ. ಆಮೇಲೆ ಜಗಳ ಬರುವುದಿಲ್ಲ.

ಹೇಗೆ ಮಾಡಬೇಕು?

1. ಕಡಿಮೆ ಅಂದರೂ 7 ಜನ ಕೂಡಬೇಕು. ಸಭೆ ಮಾಡಿ ಠರಾವು ಬರೆಯಬೇಕು.

2. ಹೆಸರು ಆರಿಸಬೇಕು. ಮೊದಲೇ ಇರುವ ಸಂಘದ ಹೆಸರು ಇಡಬಾರದು.

3. ಉದ್ದೇಶ ಬರೆಯಬೇಕು. ಓದು ಕಲಿಸುವುದು, ವಾಚನಾಲಯ ನಡೆಸುವುದು, ಬಡವರಿಗೆ ನೆರವಾಗುವುದು, ಹೀಗೆ. ನಾವು ನಿಜವಾಗಿ ಮಾಡುವ ಕೆಲಸವನ್ನೇ ಬರೆಯಬೇಕು.

4. ನಿಯಮ ಬರೆಯಬೇಕು. ಸದಸ್ಯರು ಯಾರು ಆಗಬಹುದು? ವರ್ಗಣಿ ಎಷ್ಟು? ಸಭೆ ಯಾವಾಗ? ಕಾರ್ಯಕಾರಿ ಮಂಡಳಿಯನ್ನು ಎಷ್ಟು ವರ್ಷಕ್ಕೊಮ್ಮೆ ಆರಿಸಬೇಕು? ಚೆಕ್ಕಿಗೆ ಯಾರ ಸಹಿ? ಇದಕ್ಕೆ ನಮ್ಮ ಕಡೆ "ಘಟನಾ" ಅನ್ನುತ್ತಾರೆ.

5. ಮಂಡಳಿಯವರ ಹೆಸರು, ವಿಳಾಸ, ಉದ್ಯೋಗ ಬರೆದು, ಗುರುತಿನ ಕಾಗದ ಜೋಡಿಸಿ, ಶುಲ್ಕ ಕಟ್ಟಿ ಅರ್ಜಿ ಕೊಡಬೇಕು. ಕಟ್ಟಿದ ದುಡ್ಡಿಗೆ ಪಾವತಿ ತೆಗೆದುಕೊಳ್ಳಬೇಕು.

ಸಹಿ ಮಾಡುವ ಮುಂಚೆ

ಅವ್ವ: ತಮ್ಮಾ, ಘಟನಾ ಎಲ್ಲಾ ಮರಾಠ್ಯಾಗ ಐತಿ. "ಇಲ್ಲಿ ಸಹಿ ಮಾಡ್ರಿ" ಅಂತಾರ. ಮಾಡಲೇನು?

ಪ್ರೇರಕ: ಓದಿಸಿ ಕೇಳೂತನಕ ಮಾಡಬ್ಯಾಡ್ರಿ ಅವ್ವಾ. ಸಹಿ ಅಂದ್ರ "ಇದು ನನಗ ಒಪ್ಪಿಗಿ" ಅಂದಂಗ.

ಅವ್ವ: ನಾ ಕಲ್ತದ್ದು ಕನ್ನಡ ಅಷ್ಟ. ಏನ್ ಮಾಡ್ಲಿ?

ಪ್ರೇರಕ: ಮರಾಠಿ ಬಲ್ಲವರು ಒಂದೊಂದ ನಿಯಮ ಓದಿ ಹೇಳ್ಲಿ. ನೀವು ಕನ್ನಡದಾಗ ನಿಮ್ಮ ವಹಿಯೊಳಗ ಬರಕೊಳ್ರಿ. ಅದರಾಗ ತಿಳೀಲಾರದ್ದು ಬಂದ್ರ ಅಲ್ಲೇ ನಿಲ್ಲಸ್ರಿ. ತಿರುಗಿ ಕೇಳ್ರಿ.

ಅವ್ವ: ನನ್ನ ಸೊಸಿ ಸಭಾಕ್ಕ ಬಂದಿಲ್ಲ. ಆಕಿ ಹೆಸರೂ ಹಾಕ್ಯಾರ.

ಪ್ರೇರಕ: ಆಕಿಗೆ ಗೊತ್ತಿಲ್ಲದ ಹೆಸರು ಹಾಕಬಾರದು. ಕೇಳ್ರಿ. ಒಪ್ಪಿದ್ರ ಆಕಿನ ಸಹಿ ಮಾಡ್ಲಿ. ಖಾಲಿ ಕಾಗದಕ್ಕ ಮಾತ್ರ ಯಾರೂ ಸಹಿ ಮಾಡಬ್ಯಾಡ್ರಿ.

ನೋಂದಣಿ ಆದ ಮೇಲೆ

ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರೆ ಕೆಲಸ ಮುಗಿಯಲಿಲ್ಲ. ಹೆತ್ತರೆ ಸಾಲದು, ಸಾಕಬೇಕು. ಸಂಘವೂ ಹಾಗೆ.

ಮೊದಲನೆಯದು, ಹಿಶೇಬ. ಬಂದ ದುಡ್ಡಿಗೆ ಪಾವತಿ ಕೊಡಬೇಕು. ಖರ್ಚಿಗೆ ಬಿಲ್ಲು ಇಡಬೇಕು. ಪ್ರತಿ ವರ್ಷ ಮಾರ್ಚ್ 31ಕ್ಕೆ ಲೆಕ್ಕ ಮುಗಿಸಿ, ಆಮೇಲೆ ಆಡಿಟ್ ಮಾಡಿಸಿ ಕಚೇರಿಗೆ ಕೊಡಬೇಕು.

ಎರಡನೆಯದು, ಸಭೆ. ವರ್ಷಕ್ಕೊಮ್ಮೆ ಎಲ್ಲ ಸದಸ್ಯರ ಸಭೆ ಕರೆಯಬೇಕು. ಅಲ್ಲಿ ಹಿಶೇಬ ಓದಿ ಹೇಳಬೇಕು. ಸಭೆಯಾದ 14 ದಿನದೊಳಗೆ ಮಂಡಳಿಯವರ ಯಾದಿ ಕೊಡಬೇಕೆಂದು 1860ರ ಕಾಯ್ದೆ ಹೇಳುತ್ತದೆ. ಇನ್ನೊಂದು ಮಾತು: ವರ್ಗಣಿ ಮೂರು ತಿಂಗಳಿಗಿಂತ ಹೆಚ್ಚು ಬಾಕಿ ಇದ್ದವರಿಗೆ ಮತ ಹಾಕುವ ಹಕ್ಕಿಲ್ಲ. ಆದ್ದರಿಂದ ವರ್ಗಣಿ ಕಟ್ಟಿ ಪಾವತಿ ಜೋಪಾನವಾಗಿ ಇಡಿರಿ.

ಮೂರನೆಯದು, ಬದಲಾವಣೆ. ಅಧ್ಯಕ್ಷರು ಬದಲಾದರು, ಒಬ್ಬ ಸದಸ್ಯರು ತೀರಿಕೊಂಡರು, ಸಂಘಕ್ಕೆ ಹೊಸ ಜಾಗ ಬಂತು. ಇಂಥ ಯಾವುದೇ ಬದಲಾವಣೆಯನ್ನು 90 ದಿನದೊಳಗೆ ಧರ್ಮಾದಾಯ ಕಚೇರಿಗೆ ತಿಳಿಸಬೇಕು. ಇದಕ್ಕೆ "ಚೇಂಜ್ ರಿಪೋರ್ಟ್" ಅನ್ನುತ್ತಾರೆ. ಬಹಳ ಸಂಘಗಳು ಎಡವುವುದು ಇಲ್ಲಿಯೇ. ಊರಲ್ಲಿ ಹೊಸ ಮಂಡಳಿ ಆರಿಸಿ ಹಾರ ಹಾಕುತ್ತಾರೆ. ಕಚೇರಿಯ ಪುಸ್ತಕದಲ್ಲಿ ಹಳೆಯವರ ಹೆಸರೇ ಉಳಿಯುತ್ತದೆ. ಹತ್ತು ವರ್ಷದ ಮೇಲೆ ಬ್ಯಾಂಕಿನವರು "ಕಾಗದದ ಪ್ರಕಾರ ಅಧ್ಯಕ್ಷರು ಯಾರು?" ಎಂದು ಕೇಳುತ್ತಾರೆ. ಕಾಗದದಲ್ಲಿ ಇರುವವರು ಭೂಮಿ ಮೇಲೆ ಇಲ್ಲ. ಇರುವವರು ಕಾಗದದಲ್ಲಿ ಇಲ್ಲ. ಆಗ ಸಂಘದ ದುಡ್ಡು ಸಂಘಕ್ಕೇ ಸಿಗುವುದಿಲ್ಲ.

ಜಾಗದ ವಿಷಯವೂ ನೆನಪಿಡಿ. ಟ್ರಸ್ಟ್ ಕಾಯ್ದೆ ಪ್ರಕಾರ ಸಂಘದ ಜಾಗ ಮಾರಬೇಕಾದರೆ ಧರ್ಮಾದಾಯ ಆಯುಕ್ತರ ಅನುಮತಿ ಮೊದಲೇ ಬೇಕು. ಅಧ್ಯಕ್ಷರು ಎಷ್ಟೇ ದೊಡ್ಡವರಿರಲಿ, ತಾವೇ ಮಾರುವಂತಿಲ್ಲ. ಊರವರ ಜಾಗಕ್ಕೆ ಇದೇ ಕಾವಲು.

ಹೊಸ ಪದಗಳು

ನೋಂದಣಿ: ಸರಕಾರದ ಪುಸ್ತಕದಲ್ಲಿ ಹೆಸರು ಬರೆಸುವುದು
ಠರಾವು: ಸಭೆಯಲ್ಲಿ ಎಲ್ಲರೂ ಕೂಡಿ ಮಾಡಿದ ತೀರ್ಮಾನ
ಘಟನಾ: ಸಂಘದ ನಿಯಮಗಳ ಕಾಗದ
ವರ್ಗಣಿ: ಸದಸ್ಯರು ಕೊಡುವ ವಂತಿಗೆ
ಯಾದಿ: ಹೆಸರುಗಳ ಪಟ್ಟಿ

ಅಭ್ಯಾಸ

1. ಬಿಟ್ಟ ಸ್ಥಳ ತುಂಬಿರಿ:
ಸಂಘ ಕಟ್ಟಲು ಕಡಿಮೆ ಅಂದರೂ ____ ಜನ ಬೇಕು.
ಮಂಡಳಿ ಬದಲಾದರೆ ____ ದಿನದೊಳಗೆ ತಿಳಿಸಬೇಕು.

2. ಸರಿಯೋ ತಪ್ಪೋ ಹೇಳಿರಿ:
ಸಂಘ ಮುಚ್ಚಿದರೆ ಉಳಿದ ದುಡ್ಡನ್ನು ಸದಸ್ಯರು ಹಂಚಿಕೊಳ್ಳಬಹುದು.
ಖಾಲಿ ಕಾಗದಕ್ಕೆ ಸಹಿ ಮಾಡಬಾರದು.

3. ಕೂಡಿ ಮಾತಾಡಿರಿ:
ಬಚತ ಗಟಕ್ಕೂ ಸಂಘಕ್ಕೂ ಏನು ಭೇದ?

4. ಮಾಡಿ ನೋಡಿರಿ:
ನಿಮ್ಮ ಊರಲ್ಲಿ ನೋಂದಣಿ ಆದ ಸಂಘ ಇದೆಯೇ? ಅದರ ಕಾಗದ ಯಾರ ಮನೆಯಲ್ಲಿವೆ? ಅದರಲ್ಲಿರುವ ಮಂಡಳಿಯವರ ಹೆಸರು ಬರೆದುಕೊಳ್ಳಿರಿ. ಅವರಲ್ಲಿ ಈಗ ಎಷ್ಟು ಜನ ಇದ್ದಾರೆ? ಎಣಿಸಿ, ಮುಂದಿನ ಸಭೆಯಲ್ಲಿ ಓದಿ ಹೇಳಿರಿ.