ವಾಟೆ ಬಿಸಾಡುವ ಮುನ್ನ

ತಿಂದ ಹಣ್ಣಿನ ಬೀಜವನ್ನು ಕುಂಡಕ್ಕೆ ಊರುವ ಚಟ ಒಮ್ಮೆ ಹತ್ತಿದರೆ ಬಿಡಿಸುವುದು ಕಷ್ಟ. ನಮ್ಮದು ಬೆಂಗಳೂರಿನ ಬಾಡಿಗೆ ಫ್ಲ್ಯಾಟು. ಇರುವುದು ಬೆಳಗಿನ ಬಿಸಿಲು ಬೀಳುವ ಒಂದು ಬಾಲ್ಕನಿ, ಅಡುಗೆಮನೆಯ ಕಿಟಕಿ ಕಟ್ಟೆ, ಅಷ್ಟೇ. ಮಾವು, ಹಲಸು, ಬೆಣ್ಣೆಹಣ್ಣು, ಚಕ್ಕೋತ, ಹುಣಸೆ, ಖರ್ಜೂರ ಎಲ್ಲವೂ ಅಷ್ಟರಲ್ಲೇ ಒತ್ತರಿಸಿಕೊಂಡು ನಿಂತಿವೆ. ಈ ಗೀಳಿನಿಂದ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಹಿಂದುಮುಂದಾಗಿ ಓದಿದರೂ ನಡೆಯುತ್ತದೆ, ಎರಡನೆಯದನ್ನು ಮಾತ್ರ ಬಿಡಬೇಡಿ.

1. ಹಣ್ಣಿನ ಲೆಕ್ಕ ಬಿಡಿ

ಮನೆಗೆ ಬಂದವರೆಲ್ಲ ಕೇಳುವುದು ಒಂದೇ: "ಇದು ಕಾಯಿ ಬಿಡೋದು ಯಾವಾಗ?" ಬಿಡುವುದಿಲ್ಲ ಎಂದುಕೊಂಡರೇ ಕ್ಷೇಮ. ವಾಟೆಯಿಂದ ಎದ್ದ ಮಾವು ನೆಲದಲ್ಲಿ ನಿಂತರೂ ಫಲಕ್ಕೆ ಐದಾರು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕು. ಹತ್ತಿಂಚಿನ ಕುಂಡದಲ್ಲಿ ಆ ಮಾತೇ ಬೇಡ. ಬಿಟ್ಟರೂ ಬಾದಾಮಿಯ ವಾಟೆಯಲ್ಲಿ ಬಾದಾಮಿಯೇ ಬರುವ ಭರವಸೆ ಇಲ್ಲ, ಪರಾಗ ಯಾವ ಮರದ್ದೋ ಏನೋ.

ಇಲ್ಲಿ ನಮಗೆ ಸಿಗುವುದು ಎಲೆ. ಅದೇನು ಕಡಿಮೆಯದಲ್ಲ. ಮಾವಿನ ಎಳೆ ಚಿಗುರು ತಾಮ್ರದ ಬಣ್ಣದಲ್ಲಿ, ಹಗ್ಗಕ್ಕೆ ಹಾಕಿದ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿರುತ್ತದೆ. ಬಾಡಿತೆಂದು ಗಾಬರಿಯಾಗಿ ನೀರು ಸುರಿಯುವವರುಂಟು. ಬಾಡಿಲ್ಲ, ಅದು ಹುಟ್ಟುವುದೇ ಹಾಗೆ. ಕೆಲವು ದಿನ ಬಿಟ್ಟರೆ ತಾನಾಗಿ ಗಟ್ಟಿಯಾಗಿ, ತಿಳಿಹಸಿರಾಗಿ, ಆಮೇಲೆ ಕಡುಹಸಿರಿಗೆ ತಿರುಗುತ್ತದೆ. ನೂರಾರು ರೂಪಾಯಿ ಕೊಟ್ಟು ಬಣ್ಣದೆಲೆಯ ಗಿಡ ತರುವ ಜನವೇ ಮಾವಿನ ವಾಟೆಯನ್ನು ಹಸಿ ಕಸದ ಬಕೆಟ್ಟಿಗೆ ಎಸೆಯುವುದನ್ನು ನೋಡಿ ಪ್ರತಿ ಮೇ ತಿಂಗಳೂ ಹೊಟ್ಟೆ ಉರಿಯುತ್ತದೆ.

2. ಒಣಗಿಸಬೇಡಿ

ಹೀರೆ, ಅವರೆ ಬೀಜವನ್ನು ಒಣಗಿಸಿ, ಬೂದಿ ಸವರಿ ಎತ್ತಿಡುವುದು ನಮ್ಮ ಮನೆಗಳ ಹಳೆಯ ಪದ್ಧತಿ. ಆ ಅಭ್ಯಾಸಬಲದಿಂದಲೇ ಮಾವಿನ ವಾಟೆಯನ್ನೂ ಬಿಸಿಲಿಗಿಟ್ಟು, ಮಳೆ ಹಿಡಿದ ಮೇಲೆ ಹಾಕೋಣ ಎನ್ನುತ್ತೇವೆ. ಅಷ್ಟರಲ್ಲಿ ಅದು ಸತ್ತಿರುತ್ತದೆ. ಮಾವು, ಹಲಸು, ನೇರಳೆ, ಲಿಚಿ, ರಂಬುಟಾನ್, ಬೆಣ್ಣೆಹಣ್ಣು ಇವುಗಳ ಬೀಜಕ್ಕೆ ಕಾದು ಕೂರುವುದು ಗೊತ್ತಿಲ್ಲ. ನೆಲಕ್ಕೆ ಬಿದ್ದ ಕೂಡಲೇ ಮೊಳೆಯಬೇಕು, ಒಳಗಿನ ತೇವ ಆರಿದರೆ ಮುಗಿಯಿತು. ಲಿಚಿಯ ಬೀಜ ಹಣ್ಣಿನಿಂದ ಹೊರಬಂದ ಮೇಲೆ ಕೆಲವೇ ದಿನ ಬದುಕುತ್ತದೆ, ಹಲಸಿನದು ಕೆಲವು ವಾರ. ತಿಂದ ದಿನವೇ ತೊಳೆದು ಊರಿಬಿಡಿ. ಪುರುಸೊತ್ತಿಲ್ಲವೇ? ಒದ್ದೆ ಕೋಕೋಪೀಟಿನಲ್ಲಿ ಹುದುಗಿಸಿ ಡಬ್ಬಿಯಲ್ಲಿಡಿ. ಮಾವು, ಹಲಸನ್ನು ಫ್ರಿಜ್ಜಿನಲ್ಲಿ ಮಾತ್ರ ಇಡಬೇಡಿ, ಅವಕ್ಕೆ ಚಳಿ ಆಗದು.

ಹುಣಸೆ, ದಾಳಿಂಬೆ, ಸೀತಾಫಲ, ಖರ್ಜೂರದ ಕಥೆ ಬೇರೆ. ಇವನ್ನು ಒಣಗಿಸಿ ಇಡಬಹುದು. ಎಷ್ಟು ಕಾಲ ಎಂದರೆ, ಇಸ್ರೇಲಿನ ಮಸಾದಾ ಕೋಟೆಯ ಉತ್ಖನನದಲ್ಲಿ ಸಿಕ್ಕಿದ್ದ ಸುಮಾರು 2,000 ವರ್ಷ ಹಳೆಯ ಖರ್ಜೂರದ ಬೀಜವೊಂದು 2005ರಲ್ಲಿ ಮೊಳೆಯಿತು. ಗಿಡಕ್ಕೆ ಮೆಥೂಸೆಲಾ ಎಂದು ಹೆಸರಿಟ್ಟರು. ಬೆಳೆದು ನೋಡಿದರೆ ಗಂಡು ಮರ! ಖರ್ಜೂರದಲ್ಲಿ ಗಂಡು ಹೆಣ್ಣು ಬೇರೆ ಬೇರೆ ಮರ. ನಮ್ಮ ಕುಂಡದ್ದು ಯಾವುದೆಂದು ತಲೆ ಕೆಡಿಸಿಕೊಳ್ಳುವ ಹೊತ್ತು ಬಾಲ್ಕನಿಯಲ್ಲಿ ಬರುವುದಿಲ್ಲ. ಮೊದಲು ಹುಲ್ಲಿನಂಥ ಒಂದೇ ಗರಿ ಬರುತ್ತದೆ, ಕಳೆಯೆಂದು ಕಿತ್ತುಬಿಡಬೇಡಿ.

3. ವಾಟೆಯನ್ನು ಬಿಡಿಸಿ ಹಾಕಿ

ಇಡೀ ವಾಟೆ ಊರಿದರೂ ಮೊಳೆಯುತ್ತದೆ, ತಡವಾಗಿ. ನಾನು ಬಿಡಿಸಿಯೇ ಹಾಕುವುದು. ಚೀಪಿದ ವಾಟೆಯನ್ನು ತೆಂಗಿನ ನಾರಿನಿಂದ ಉಜ್ಜಿ ತೊಳೆದು, ಕೈಗೆ ಜಾರದಷ್ಟು ಆರಲು ಬಿಡಿ. ಗಿಡ ಕತ್ತರಿಸುವ ಕತ್ತರಿಯಿಂದ ತೆಳು ಅಂಚನ್ನು ಕಚ್ಚಿ ಕಚ್ಚಿ ತೆಗೆದರೆ ಚಿಪ್ಪು ಎರಡಾಗಿ ಬಾಯಿ ಬಿಡುತ್ತದೆ. ಒಳಗೆ ಕಂದು ಪೊರೆಯ ಬೀಜ. ಕೆಲವು ಸಲ ಬೀಜದ ಜೊತೆಗೆ ಕಪ್ಪು ಮಿಶ್ರಿತ ಕಂದು ಬಣ್ಣದ ಜೀರುಂಡೆಯೊಂದು ಆರಾಮಾಗಿ ಕೂತಿರುತ್ತದೆ. ಅದು ವಾಟೆಹುಳು. ಹೂವು ಕಾಯಿಗಟ್ಟಿದಾಗ ಇಟ್ಟ ಮೊಟ್ಟೆ ಮರಿಯಾಗಿ, ಎಳೆ ಕಾಯಿಯ ಬೀಜಕ್ಕೆ ನುಗ್ಗಿ ಅಲ್ಲೇ ಬೆಳೆದದ್ದು. ಹೊರಗಿನಿಂದ ಹಣ್ಣಿನಲ್ಲಿ ಗುರುತೇ ಸಿಗುವುದಿಲ್ಲ. ಬೀಜ ಪೂರಾ ಪುಡಿಯಾಗಿರದಿದ್ದರೆ ಹುಳುವನ್ನು ತೆಗೆದು ಊರಿ ನೋಡಿ, ಎಷ್ಟೋ ಸಲ ಮೊಳೆಯುತ್ತದೆ. ಬೀಜದ ಉಬ್ಬಿದ ಬೆನ್ನು ಮೇಲಕ್ಕಿರಲಿ, ಬೆರಳಗಲ ಮಣ್ಣು ಮುಚ್ಚಿದರೆ ಸಾಕು.

ಮಂಗಳೂರು ಕಡೆಯಿಂದ ಬಂದವರ ಚೀಲದಲ್ಲಿ ನೆಕ್ಕರೆ ಮಾವು ಇದ್ದರೆ ವಾಟೆ ಬಿಡಬೇಡಿ. ಒಂದರಿಂದಲೇ ಎರಡು ಮೂರು ಸಸಿ ಏಳುತ್ತವೆ, ಬಹುಪಾಲು ತಾಯಿಮರದ ತದ್ರೂಪುಗಳು. ಪರಾಗದ ಹಂಗಿಲ್ಲದೆ ತಾಯಿಯ ಅಂಗಾಂಶದಿಂದಲೇ ಹುಟ್ಟಿದಂಥವು. ಬಾದಾಮಿ, ರಸಪುರಿ, ಮಲ್ಲಿಕಾ ವಾಟೆಯಲ್ಲಿ ಏಳುವುದು ಒಂದೇ.

4. ಗಾಜಿನ ಲೋಟ ನೋಡಲಿಕ್ಕೆ ಚೆಂದ

ಬೆಣ್ಣೆಹಣ್ಣಿನ ಬೀಜಕ್ಕೆ ಮೂರು ಕಡ್ಡಿ ಚುಚ್ಚಿ ನೀರಿನ ಲೋಟದ ಮೇಲೆ ಕೂರಿಸುವುದು ಎಲ್ಲರಿಗೂ ಗೊತ್ತು. ಮಕ್ಕಳಿಗೆ ಬೇರು ತೋರಿಸಲು ಒಳ್ಳೆಯದೇ. ಆದರೆ ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಇಂಥ ತಿಳಿನೀರಿನಲ್ಲೇ. ಎರಡು ಮೂರು ದಿನಕ್ಕೊಮ್ಮೆ ನೀರು ಬದಲಿಸುವ ಶಿಸ್ತಿಲ್ಲದವರು ಮಣ್ಣಿಗೇ ಹಾಕಿ. ಅಗಲ ಬುಡ ಕೆಳಗೆ, ಚೂಪು ಮೇಲೆ, ಅರ್ಧ ಬೀಜ ಹೊರಗೆ. ತಿಂಗಳಾದರೂ ಅಲುಗಾಡದಿರಬಹುದು, ಮೆತ್ತಗೆ ಕೊಳೆಯದಿದ್ದರೆ ಕಾಯಿರಿ. ಸಸಿ ಗೇಣುದ್ದ ದಾಟಿದ ಕೂಡಲೇ ತುದಿ ಚಿವುಟಬೇಕು. ಇಲ್ಲದಿದ್ದರೆ ನಾಲ್ಕೆಲೆ ಹೊತ್ತ ಕೋಲಾಗುತ್ತದೆ.

5. ಚಕ್ಕೋತದ ಗಿಡ ಪೂರ್ತಿ ನಿಮ್ಮದಲ್ಲ

ನಿಂಬೆ, ಕಿತ್ತಳೆ, ಚಕ್ಕೋತದ ಬೀಜದ ಹೊರಸಿಪ್ಪೆಯನ್ನು ಉಗುರಿನಿಂದ ಬಿಡಿಸಿ ಹಾಕಿದರೆ ಬೇಗ ಏಳುತ್ತವೆ. ಮನೆಯೊಳಗಿಡಲು ನನ್ನ ಆಯ್ಕೆ ದೇವನಹಳ್ಳಿ ಚಕ್ಕೋತ: ಅಗಲ ಎಲೆ, ಹೊಳಪು, ಉಜ್ಜಿದರೆ ಪರಿಮಳ.

ಒಂದು ದಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆ ಕಾಣುತ್ತದೆ. ಒರೆಸಲು ಹೋದರೆ ಅದು ಚಲಿಸುತ್ತದೆ! ನಿಂಬೆ ಚಿಟ್ಟೆಯ ಮರಿಹುಳು ಅದು, ಹಿಕ್ಕೆಯ ವೇಷದಲ್ಲಿ. ಬೆಳೆದ ಮೇಲೆ ವೇಷ ಕಳಚಿ ಹಸಿರಾಗುತ್ತದೆ. ಬೆರಳು ತಾಗಿಸಿದರೆ ತಲೆಯ ಹಿಂದಿನಿಂದ ಕಿತ್ತಳೆ ಬಣ್ಣದ ಕವಲುಕೊಂಬು ಹೊರಚಾಚಿ ಘಾಟು ವಾಸನೆ ಬಿಡುತ್ತದೆ. ಎರಡು ಹುಳುಗಳಿಗೆ ಒಂದು ಸಣ್ಣ ಸಸಿಯ ಎಲೆಯೆಲ್ಲ ಲೆಕ್ಕಕ್ಕೇ ಇಲ್ಲ. ಔಷಧಿ ಹೊಡೆಯುವುದು ನನಗೆ ಒಪ್ಪಿಗೆಯಿಲ್ಲ. ಅದಕ್ಕೇ ಎರಡು ಕುಂಡ ಇಟ್ಟುಕೊಳ್ಳುತ್ತೇನೆ, ಬಾಲ್ಕನಿಯದು ಚಿಟ್ಟೆಗೆ, ಕಿಟಕಿಯೊಳಗಿನದು ನಮಗೆ. ಬೋಳಾದ ಗಿಡ ಬೇರು ಗಟ್ಟಿಯಿದ್ದರೆ ಮತ್ತೆ ಚಿಗುರುತ್ತದೆ.

6. ಸೇಬಿಗೆ ಚಳಿಗಾಲ ತೋರಿಸಿ

ಹಿಮಾಚಲ, ಕಾಶ್ಮೀರದ ಈ ಬೀಜ ಚಳಿಗಾಲ ದಾಟಿತೆಂದು ನಂಬಿದರಷ್ಟೇ ಏಳುತ್ತದೆ. ಒದ್ದೆ ಟಿಶ್ಯೂ ಕಾಗದದಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು, ಎರಡು ಮೂರು ತಿಂಗಳು ಫ್ರಿಜ್ಜಿನ ತರಕಾರಿ ಖಾನೆಯಲ್ಲಿಡಿ. ಮನೆಯವರಿಗೆ ಹೇಳಿಟ್ಟಿರಿ. ಇಷ್ಟೆಲ್ಲ ಮಾಡಿದ ಮೇಲೂ ಬೆಂಗಳೂರಿನ ಬಾಲ್ಕನಿಯಲ್ಲಿ ಅದೇನು ಮಹಾ ಚೆಲುವೆಯಲ್ಲ.

7. ಪಪ್ಪಾಯಿ, ಸೀತಾಫಲ, ಹುಣಸೆ

ಪಪ್ಪಾಯಿ ಬೀಜದ ಮೇಲಿನ ಲೋಳೆಚೀಲದಲ್ಲಿ ಮೊಳಕೆ ತಡೆಯುವ ಅಂಶವಿದೆ. ಜರಡಿಯಲ್ಲಿ ಉಜ್ಜಿ ತೊಳೆದೇ ಹಾಕಿ. ಸೀತಾಫಲದ ಬೀಜವನ್ನು ಎಲ್ಲೆಂದರಲ್ಲಿ ಬಿಡಬೇಡಿ, ಪುಡಿ ಮಾಡಲೂ ಹೋಗಬೇಡಿ. ಅದು ವಿಷ, ಕಣ್ಣಿಗೆ ತಾಗಿದರೆ ದೊಡ್ಡ ಅಪಾಯ.

ಹುಣಸೆಗೆ ಸಿಪ್ಪೆ ಬಿರುಸು. ಒಂದು ಬದಿ ಮರಳು ಕಾಗದದಲ್ಲಿ ಉಜ್ಜಿ ರಾತ್ರಿ ನೆನೆಸಿದರೆ ಆಯಿತು. ಸಂಜೆಯಾದರೆ ಎಲೆ ಮಡಚಿ ಮಲಗುವ ಈ ಗಿಡ ಮೇಜಿನ ಮೇಲಿಡಲು ಹೇಳಿ ಮಾಡಿಸಿದ್ದು. "ಹುಣಸೆ ಮರಾನ ಯಾರಾದ್ರೂ ಮನೆ ಒಳಗೆ ಇಟ್ಕೋತಾರೇನೇ?" ಎಂದು ನಮ್ಮತ್ತೆಗೆ ದಿಗಿಲು. ಅಷ್ಟು ಚಿಕ್ಕ ಗಿಡದಲ್ಲಿ ದೆವ್ವಕ್ಕೆ ಜಾಗ ಸಾಲದು ಎಂದ ಮೇಲೆ ಸುಮ್ಮನಾದರು. ಈಗ ನೀರು ಹಾಕುವವರು ಅವರೇ.

8. ಆಳ ಮುಖ್ಯ, ಅಗಲವಲ್ಲ

ಮರದ ಬೀಜ ಮೊದಲು ಇಳಿಸುವುದು ತಾಯಿಬೇರು. ಮೊಸರಿನ ಗಿಡ್ಡ ಡಬ್ಬಿಯಲ್ಲಿ ಅದು ತಳ ಮುಟ್ಟಿ ಸುರುಳಿ ಸುತ್ತಿಕೊಳ್ಳುತ್ತದೆ. ಲೀಟರಿನ ಹಾಲಿನ ಪ್ಯಾಕೆಟ್ಟು ವಾಸಿ. ತಳದಲ್ಲಿ ನಾಲ್ಕೈದು ತೂತು, ಕೆಮ್ಮಣ್ಣು, ಕೋಕೋಪೀಟು, ಎರೆಗೊಬ್ಬರ ಸಮಸಮ. ಬೆರಳು ಚುಚ್ಚಿ ನೋಡಿ ಒಣಗಿದ್ದರಷ್ಟೇ ನೀರು. ಸಸಿಗಳು ಸಾಯುವುದು ಹೆಚ್ಚಾಗಿ ಬುಡ ಕೊಳೆತು, ಬಾಯಾರಿ ಅಲ್ಲ.

9. ಮನಸ್ಸು ತಡೆಯದೆ ಹಣ್ಣೇ ಬೇಕೆನಿಸಿದರೆ

ಮಾವಿಗೆ ಒಂದು ದಾರಿಯಿದೆ. ಕೊಂಕಣದ ನರ್ಸರಿಗಳು ವಾಟೆಕಸಿ ಮಾಡುವುದು ಇಂಥ ಸಸಿಯ ಮೇಲೇ, ಅದೂ ಎದ್ದು ಹತ್ತು ಹದಿನೈದು ದಿನದೊಳಗೆ, ಕಾಂಡ ಇನ್ನೂ ತಾಮ್ರವರ್ಣದಲ್ಲಿರುವಾಗ. ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿಯಲ್ಲಿ ತೇವವಿರುವ ಕಾಲ ಸರಿ. ಸಸಿಯ ತಲೆ ಕತ್ತರಿಸಿ, ಕಾಂಡವನ್ನು ನಡುವೆ ಸೀಳಿ, ಒಳ್ಳೆ ಮರದಿಂದ ತಂದ ಅಷ್ಟೇ ದಪ್ಪದ ಕಡ್ಡಿಯನ್ನು ಬೆಣೆಯಂತೆ ಕೆತ್ತಿ ಸೇರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತುತ್ತಾರೆ. ಕಡ್ಡಿಯ ಎಲೆಗಳನ್ನು ವಾರ ಹತ್ತು ದಿನ ಮೊದಲೇ ಮರದಲ್ಲಿ ಸವರಿಟ್ಟರೆ ಮೊಗ್ಗು ಉಬ್ಬಿರುತ್ತದೆ. ಬಾಲ್ಕನಿಯಲ್ಲೂ ಮಾಡಬಹುದು. ಬೇಕಾದದ್ದು ಹೊಸ ಬ್ಲೇಡು, ನಡುಗದ ಕೈ, ಮತ್ತೆ ಊರಲ್ಲಿ ಒಳ್ಳೆ ಮಾವಿನ ಮರವಿದ್ದೂ ಕಡ್ಡಿ ಕೊಡಲು ಬೇಸರಪಡದ ಒಬ್ಬ ನೆಂಟ.