ದೇಹದ ಜಮಾಖರ್ಚು

ಒಲೆಗೆ ಸೌದೆ ಕಡಿಮೆಯಾದರೆ ಉರಿ ಕುಗ್ಗುತ್ತದೆ. ಶಕ್ತಿ ಶೂನ್ಯದಿಂದ ಹುಟ್ಟುವುದಿಲ್ಲವೆಂಬ ನಿಯಮಕ್ಕೆ ನಮ್ಮ ದೇಹವೂ ಒಳಪಟ್ಟಿದೆ. ಉಸಿರಾಟ, ಎದೆಬಡಿತ, ಆಟ, ಓದು ಇವೆಲ್ಲಕ್ಕೂ ಬೇಕಾದ ಶಕ್ತಿಯನ್ನು ನಾವು ಆಹಾರದಿಂದಲೇ ಪಡೆಯಬೇಕು. ಒಂದು ಗ್ರಾಂ ಕೊಬ್ಬಿನಿಂದ ಸುಮಾರು 9 ಕಿಲೊಕ್ಯಾಲೊರಿ, ಪಿಷ್ಟ ಅಥವಾ ಪ್ರೋಟೀನಿನಿಂದ ಸುಮಾರು 4 ಕಿಲೊಕ್ಯಾಲೊರಿ ದೊರೆಯುತ್ತದೆ. ಜಮೆಗಿಂತ ಖರ್ಚು ಹೆಚ್ಚಾದರೆ ದೇಹವು ಕೂಡಿಟ್ಟ ಕೊಬ್ಬನ್ನೂ ಅದರೊಡನೆ ಸ್ನಾಯುಗಳನ್ನೂ ಕರಗಿಸಿಕೊಳ್ಳುತ್ತದೆ.

ತೂಕ ಸಾಲದೆಂದು ತಿಳಿಯುವುದು ಹೇಗೆ? ಕಿಲೋಗ್ರಾಮಿನಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸೋಣ. ವಯಸ್ಕರಲ್ಲಿ ಈ ಲಬ್ಧವು 18.5ಕ್ಕಿಂತ ಕಡಿಮೆಯಿದ್ದರೆ ತೂಕ ಕಡಿಮೆಯೆಂದೇ ಅರ್ಥ. ಉದಾಹರಣೆಗೆ, 1.60 ಮೀಟರ್ ಎತ್ತರದ, 45 ಕಿಲೋಗ್ರಾಂ ತೂಕದ ವ್ಯಕ್ತಿಯ ಲಬ್ಧ 17.6. ಬೆಳೆಯುವ ಮಕ್ಕಳಿಗೆ ವಯಸ್ಸಿಗೆ ತಕ್ಕ ಪಟ್ಟಿಗಳು ಬೇರೆಯಿವೆ.

ಆಹಾರ ಸಾಲದಾದಾಗ ದೇಹದಲ್ಲಿ ಏನಾಗುತ್ತದೆಂಬುದನ್ನು ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ 1944-45ರಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಪರೀಕ್ಷಿಸಿದರು. ಆರೋಗ್ಯವಂತರಾದ 36 ಮಂದಿ ತರುಣರು ತಾವಾಗಿ ಮುಂದೆ ಬಂದು, 24 ವಾರ ಅರೆಹೊಟ್ಟೆಯಲ್ಲಿದ್ದರು. ಅವರ ತೂಕದ ನಾಲ್ಕನೆಯ ಒಂದು ಪಾಲಿನಷ್ಟು ಇಳಿಯಿತು. ಆದರೆ ಇಳಿದದ್ದು ತೂಕವೊಂದೇ ಅಲ್ಲ. ವಿಶ್ರಾಂತಿಯಲ್ಲಿರುವಾಗ ದೇಹವು ವೆಚ್ಚಮಾಡುವ ಶಕ್ತಿ ಸುಮಾರು ಶೇಕಡ 40ರಷ್ಟು ತಗ್ಗಿತು. ನಾಡಿಯ ಬಡಿತ ನಿಧಾನವಾಯಿತು, ಬಲ ಕುಂದಿತು, ಮನಸ್ಸು ಮಂಕಾಗಿ, ಅನ್ನದ ಯೋಚನೆಯೊಂದೇ ಉಳಿಯಿತು. ಅವರನ್ನು ಚಳಿಯೂ ಕಾಡಿತು. ಇದರಲ್ಲಿ ಆಶ್ಚರ್ಯವಿಲ್ಲ: ದೇಹದಲ್ಲಿ ಹುಟ್ಟುವ ಉಷ್ಣವೇ ಕಡಿಮೆ, ಉಷ್ಣವನ್ನು ಹೊರಬಿಡದೆ ತಡೆಯುವ, ಚರ್ಮದಡಿಯ ಕೊಬ್ಬಿನ ಪದರವೂ ತೆಳುವಾಗಿತ್ತು. ಜಮೆ ಇಳಿದಾಗ ದೇಹವು ಖರ್ಚನ್ನು ಕಡಿತಗೊಳಿಸಿತ್ತು.

ದೀರ್ಘಕಾಲದ ಕಡಿತ ಅಪಾಯಕಾರಿ. ರೋಗನಿರೋಧಕ ಶಕ್ತಿ ಕುಗ್ಗಿ ಸೋಂಕುಗಳು ಸುಲಭವಾಗಿ ತಗಲುತ್ತವೆ, ಗಾಯ ಮಾಯುವುದು ತಡವಾಗುತ್ತದೆ, ಮೂಳೆಗಳು ಸವೆಯುತ್ತವೆ. ಸ್ತ್ರೀಯರಲ್ಲಿ ಮುಟ್ಟು ನಿಲ್ಲಬಹುದು. ಗರ್ಭಿಣಿಯ ತೂಕ ಸಾಲದಿದ್ದರೆ ಶಿಶುವೂ ಕಡಿಮೆ ತೂಕದ್ದಾಗಿ ಹುಟ್ಟುವ ಸಂಭವ ಹೆಚ್ಚು. ಕಬ್ಬಿಣದ ಅಂಶ ಸಾಲದಿದ್ದರೆ ರಕ್ತಹೀನತೆಯೂ ಜೊತೆಗೂಡುತ್ತದೆ.

ಕಾರಣಗಳಲ್ಲಿ ಬಡತನ ಮೊದಲನೆಯದು. ಆದರೆ ಉಣ್ಣಲು ಇದ್ದೂ ತೂಕ ಇಳಿಯುವುದುಂಟು. ಅತಿಯಾಗಿ ಕೆಲಸಮಾಡುವ ಥೈರಾಯ್ಡ್ ಗ್ರಂಥಿ ಖರ್ಚನ್ನು ಏರಿಸುತ್ತದೆ. ಸಿಹಿಮೂತ್ರ ರೋಗದಲ್ಲಿ ಸಕ್ಕರೆ ಬಳಕೆಯಾಗದೆ ಹೊರಹೋಗುತ್ತದೆ. ಕರುಳಿನ ರೋಗಗಳಲ್ಲಿ ಆಹಾರ ಮೈಗೆ ಹತ್ತುವುದಿಲ್ಲ. ಕ್ಷಯವು ಹಸಿವನ್ನು ಕೆಡಿಸಿ ದೇಹವನ್ನು ಕೃಶವಾಗಿಸುತ್ತದೆ. ದಪ್ಪಗಾದೇವೆಂಬ ಭಯದಿಂದ ಊಟ ಬಿಡುವುದು ಕೆಲವರಲ್ಲಿ ಮನೋರೋಗವಾಗಿಯೇ ಬೆಳೆಯುತ್ತದೆ. ಅದಕ್ಕೆ ಬೇಕಾದುದು ಗದರಿಕೆಯಲ್ಲ, ಚಿಕಿತ್ಸೆ.

ವಂಶದಿಂದಲೇ ತೆಳ್ಳಗಿದ್ದು ಆರೋಗ್ಯವಾಗಿರುವವರೂ ಇದ್ದಾರೆ, ಅವರು ಹೆದರಬೇಕಾಗಿಲ್ಲ. ಆದರೆ ಕಾರಣವಿಲ್ಲದೆ ತೂಕ ಇಳಿಯುತ್ತ ಬಂದರೆ ವೈದ್ಯರನ್ನು ಕಾಣಲೇಬೇಕು. ಉಳಿದವರಿಗೆ ಅನ್ನ ಅಥವಾ ರಾಗಿಯೊಡನೆ ಬೇಳೆ, ಕಡಲೆಕಾಯಿ, ಹಾಲು, ಮೊಟ್ಟೆ, ಸೊಪ್ಪು ಇವುಗಳಲ್ಲಿ ದೊರೆತದ್ದು ಹಿತ. ಪರೀಕ್ಷೆಯ ದಿನಗಳಲ್ಲಿ ಹೊತ್ತು ಉಳಿಸಲೆಂದು ಬೆಳಗಿನ ಉಪಾಹಾರ ಬಿಡುವ ವಿದ್ಯಾರ್ಥಿಯು ಒಂದನ್ನು ನೆನಪಿಡಬೇಕು: ಓದಿಗೂ ಇಂಧನ ಬೇಕು, ನಾವು ಕೊಡದಿದ್ದುದನ್ನು ದೇಹವು ನಮ್ಮಿಂದಲೇ ವಸೂಲು ಮಾಡಿಕೊಳ್ಳುತ್ತದೆ.