ಕ್ಷಯದಿಂದ ಚೇತರಿಕೆ: ವಿಶ್ರಾಂತಿಯೂ ಚಿಕಿತ್ಸೆಯ ಭಾಗ

ಟಿಬಿ ಎಂದು ಗೊತ್ತಾದ ದಿನ ಮನೆಯವರೆಲ್ಲ ರೋಗಿಯ ಸುತ್ತ ನಿಲ್ಲುತ್ತಾರೆ. ಮಾತ್ರೆ ಆರಂಭವಾಗಿ ಒಂದೆರಡು ತಿಂಗಳಾಗುವಾಗ ಜ್ವರ ಇಳಿದು, ಕೆಮ್ಮು ಕಡಿಮೆಯಾಗಿ, ಹಸಿವು ಮರಳುತ್ತದೆ. ಗುಣವಾಯಿತು ಎಂದುಕೊಂಡು ಗಂಡಸರು ಅಂಗಡಿಗೋ ಗಾರೆ ಕೆಲಸಕ್ಕೋ ಹೊರಡುತ್ತಾರೆ. ಹೆಂಗಸರು ಒಲೆ, ಬಟ್ಟೆ, ಬೀಡಿಯ ಮೊರದ ಮುಂದೆ ಕೂರುತ್ತಾರೆ. ನಾಲ್ಕು ದಿನ ಹೇಗೋ ಸಾಗುತ್ತದೆ, ಐದನೆಯ ದಿನ ಹಾಸಿಗೆಯಿಂದ ಏಳಲಾಗುವುದಿಲ್ಲ. "ರೋಗ ಕಡಿಮೆಯಾಗಿದೆ ಅಂತೀರಿ, ಮತ್ತೆ ಶಕ್ತಿ ಯಾಕೆ ಬರಲಿಲ್ಲ ಡಾಕ್ಟ್ರೇ?" ಎಂಬ ಪ್ರಶ್ನೆಯನ್ನು ನಾನು ಆಗಾಗ ಕೇಳುತ್ತೇನೆ.

ರೋಗಕ್ಕೂ ಆರೋಗ್ಯಕ್ಕೂ ನಡುವೆ

ಯುನಾನಿ ವೈದ್ಯದಲ್ಲಿ ಈ ಸ್ಥಿತಿಗೆ 'ನಕಾಹತ್' ಎಂಬ ಹೆಸರಿದೆ. ಕಾಯಿಲೆಯ ಬಿರುಸು ಇಳಿದಿದೆ, ಆದರೆ ದೇಹದ ಬಲ ಮರಳಿಲ್ಲ. ಹಕೀಮರು ಇಂಥವರನ್ನು ರೋಗಿಗಳಿಂದಲೂ ಆರೋಗ್ಯವಂತರಿಂದಲೂ ಬೇರೆಯಾಗಿಯೇ ನೋಡಿದರು. ಇವರ ಆಹಾರ, ನಿದ್ರೆ, ಓಡಾಟಕ್ಕೆ ಬೇರೆ ಕ್ರಮವನ್ನೇ ಹೇಳಿದರು.

ಕ್ಷಯದಲ್ಲಿ ಈ ಅವಧಿ ದೀರ್ಘವಾಗಿರಲು ಕಾರಣಗಳಿವೆ. ಕ್ಷಯದ ರೋಗಾಣು ಬಹಳ ನಿಧಾನವಾಗಿ ಬೆಳೆಯುತ್ತದೆ. ಕೆಲವು ರೋಗಾಣುಗಳು ದೇಹದೊಳಗೆ ಮಲಗಿಬಿಡುತ್ತವೆ. ಆದ್ದರಿಂದಲೇ ಸಾಮಾನ್ಯ ಶ್ವಾಸಕೋಶದ ಟಿಬಿಗೆ ಆರು ತಿಂಗಳ ಔಷಧಿ. ಜೊತೆಗೆ, ರೋಗವು ದೇಹದ ಮಾಂಸಖಂಡಗಳನ್ನು ಕರಗಿಸಿರುತ್ತದೆ. ಜ್ವರ ಬಿಟ್ಟ ಮಾತ್ರಕ್ಕೆ ಅವು ತುಂಬಿಕೊಳ್ಳುವುದಿಲ್ಲ.

ಆರೋಗ್ಯಕ್ಕೆ ಆರು ಅಗತ್ಯಗಳಿವೆ ಎನ್ನುತ್ತದೆ ಯುನಾನಿ: ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ರೆ ಮತ್ತು ಎಚ್ಚರ, ವಿಸರ್ಜನೆ ಮತ್ತು ಧಾರಣೆ. ಗಮನಿಸಿ, ಆರರಲ್ಲಿ ಮೂರು ವಿಶ್ರಾಂತಿಗೆ ಸಂಬಂಧಿಸಿದವು.

ಮಂಚ ಹಿಡಿಯುವುದೇ ವಿಶ್ರಾಂತಿಯಲ್ಲ

ಪರಿಣಾಮಕಾರಿ ಔಷಧಿಗಳು ಬರುವ ಮೊದಲು ಕ್ಷಯಕ್ಕೆ ಸ್ಯಾನಟೋರಿಯಂ ವಾಸವೇ ಚಿಕಿತ್ಸೆಯಾಗಿತ್ತು. ತಿಂಗಳುಗಟ್ಟಲೆ ಹಾಸಿಗೆ, ಒಳ್ಳೆಯ ಗಾಳಿ, ಒಳ್ಳೆಯ ಊಟ. ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಸ್ಯಾನಟೋರಿಯಂ ಆ ಕಾಲದ್ದೇ. ಮುಂದೆ 1956ರಲ್ಲಿ ಮದರಾಸಿನಲ್ಲಿ ಆರಂಭವಾದ ಕ್ಷಯ ಸಂಶೋಧನಾ ಕೇಂದ್ರವು ಒಂದು ಗುಂಪು ರೋಗಿಗಳಿಗೆ ಸ್ಯಾನಟೋರಿಯಂನಲ್ಲಿ, ಇನ್ನೊಂದು ಗುಂಪಿಗೆ ಅವರವರ ಮನೆಯಲ್ಲೇ ಒಂದು ವರ್ಷ ಅದೇ ಔಷಧಿ ಕೊಟ್ಟು ನೋಡಿತು. ಮನೆಯಲ್ಲಿದ್ದವರಿಗೆ ಊಟವೂ ಕಡಿಮೆ, ವಿಶ್ರಾಂತಿಯೂ ಕಡಿಮೆ. ಆದರೂ ಎರಡೂ ಗುಂಪಿನವರು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಗುಣವಾದರು.

ಇದರಿಂದ ಎರಡು ವಿಷಯ ಸ್ಪಷ್ಟ. ಮೊದಲನೆಯದು, ರೋಗಾಣುವನ್ನು ಕೊಲ್ಲುವುದು ಮಾತ್ರೆ, ಹಾಸಿಗೆಯಲ್ಲ. ನನ್ನಂಥವರು ಕೊಡುವ ಮಾಜೂನ್, ಖಮೀರಗಳೂ ಆ ಮಾತ್ರೆಗಳ ಬದಲಿಯಲ್ಲ. ಯುನಾನಿ ಔಷಧಿ ತೆಗೆದುಕೊಳ್ಳುವುದಿದ್ದರೆ ನಿಮ್ಮ ಟಿಬಿ ವೈದ್ಯರಿಗೂ ತಿಳಿಸಿ. ಎರಡನೆಯದು, ಇಡೀ ದಿನ ಮಲಗಿರಬೇಕಾಗಿಲ್ಲ. ಮಲಗಿಯೇ ಇದ್ದರೆ ಮಾಂಸಖಂಡ ಇನ್ನಷ್ಟು ಸೊರಗುತ್ತದೆ. ಚೇತರಿಸಿಕೊಳ್ಳುವವರಿಗೆ ಬೇಕಾದದ್ದು ಅಳತೆಯ ಕೆಲಸ, ಅಳತೆಯ ವಿಶ್ರಾಂತಿ.

ಅಳತೆ ಹೇಗೆ?

1. ದಣಿದ ಮೇಲೆ ಕೂರಬೇಡಿ, ದಣಿಯುವ ಮೊದಲೇ ಕೂತುಬಿಡಿ. ಒಂದು ಕೆಲಸ ಮುಗಿದೊಡನೆ ಇನ್ನೊಂದಕ್ಕೆ ಕೈ ಹಾಕದೆ ನಡುವೆ ಸ್ವಲ್ಪ ಹೊತ್ತು ಬಿಡಿ.

2. ಇಂದಿನ ಕೆಲಸದ ಲೆಕ್ಕ ನಾಳೆ ಬೆಳಿಗ್ಗೆ ಗೊತ್ತಾಗುತ್ತದೆ. ಮೈ ಭಾರವಾಗಿದ್ದರೆ ಅಂದಿನ ಕೆಲಸವನ್ನು ಅರ್ಧಕ್ಕಿಳಿಸಿ. ಹಗುರವಾಗಿದ್ದರೆ ಅಷ್ಟನ್ನೇ ಕೆಲವು ದಿನ ಮುಂದುವರಿಸಿ, ಆಮೇಲೆ ಸ್ವಲ್ಪ ಹೆಚ್ಚಿಸಿ.

3. ಸಮತಟ್ಟು ಜಾಗದಲ್ಲಿ ಹತ್ತು ನಿಮಿಷದ ನಡಿಗೆಯಿಂದ ಆರಂಭಿಸಿ. ನಡೆಯುತ್ತಾ ಮಾತನಾಡಲು ಉಸಿರು ಸಾಲದಿದ್ದರೆ ಅದು ಹೆಚ್ಚಾಯಿತು ಎಂದರ್ಥ.

4. ಝುಹರ್ ನಂತರ ಅರ್ಧ ಗಂಟೆ ಕೈಲೂಲ, ಅಂದರೆ ಮಧ್ಯಾಹ್ನದ ಕಿರುನಿದ್ರೆ ಮಾಡಿ. ಇಶಾ ನಂತರ ಮೊಬೈಲನ್ನು ದೂರವಿಟ್ಟು ಬೇಗ ಮಲಗಿ.

5. ತರಕಾರಿ ಹೆಚ್ಚುವುದು, ಬಟ್ಟೆ ಮಡಚುವುದು ಕುಳಿತು ಮಾಡಬಹುದಾದ ಕೆಲಸಗಳು. ಕೊಡ ಹೊರುವುದು, ಮೂಟೆ ಎತ್ತುವುದು ಸದ್ಯಕ್ಕೆ ಬೇಡ. ಬೀಡಿ ಕಟ್ಟುವವರು ಈ ತಿಂಗಳುಗಳಲ್ಲಾದರೂ ಹೊಗೆಸೊಪ್ಪಿನ ಧೂಳಿನಿಂದ ದೂರವಿರಿ.

6. ತಿಂಗಳಿಗೊಮ್ಮೆ ಒಂದೇ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ. ಊಟವಿಲ್ಲದ ವಿಶ್ರಾಂತಿಯಿಂದ ಮೈ ತುಂಬುವುದಿಲ್ಲ. ಬೇಳೆ, ಮೊಟ್ಟೆ, ಹಾಲು, ಮೀನು, ಕಡಲೆಬೀಜ, ಯಾವುದು ಕೈಗೆಟಕುತ್ತದೋ ಅದು ದಿನವೂ ಇರಲಿ. ಟಿಬಿ ರೋಗಿಗಳ ಪೋಷಣೆಗೆ ಸರ್ಕಾರ ನಿಕ್ಷಯ್ ಪೋಷಣ್ ಯೋಜನೆಯಡಿ ತಿಂಗಳಿಗೆ ಕೊಡುತ್ತಿದ್ದ 500 ರೂಪಾಯಿಯನ್ನು 2024ರ ನವೆಂಬರ್‌ನಿಂದ 1000 ರೂಪಾಯಿಗೆ ಏರಿಸಿದೆ. ಆರೋಗ್ಯ ಕೇಂದ್ರದಲ್ಲಿ ಹೆಸರು, ಬ್ಯಾಂಕ್ ಖಾತೆ ನೋಂದಾಯಿಸಿ ಪಡೆದುಕೊಳ್ಳಿ.

ಮನಸ್ಸಿಗೂ ವಿಶ್ರಾಂತಿ ಬೇಕು

ದೇಹ ಕುಳಿತರೂ ಮನಸ್ಸು ಕೂರುವುದಿಲ್ಲ. ಎಲ್ಲರೂ ದುಡಿಯುವಾಗ ನಾನೊಬ್ಬಳು ಕುಳಿತೆನಲ್ಲ ಎಂಬ ಸಂಕೋಚ ಹೆಂಗಸರನ್ನು ಹೆಚ್ಚು ಕಾಡುತ್ತದೆ. ಧರ್ಮ ಇಲ್ಲಿ ನಮಗಿಂತ ಉದಾರವಾಗಿದೆ. ಕಾಯಿಲೆಯಿದ್ದ ಇಮ್ರಾನ್ ಬಿನ್ ಹುಸೈನ್(ರ)ರಿಗೆ ಪ್ರವಾದಿ(ಸ)ರು ನಿಂತು ನಮಾಝ್ ಮಾಡಲಾಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಲಗಿ ಮಾಡಲು ಹೇಳಿದರು. ರಮಝಾನ್‌ನ ಉಪವಾಸವನ್ನು ರೋಗಿಯು ಬೇರೆ ದಿನಗಳಲ್ಲಿ ಪೂರ್ತಿಗೊಳಿಸಬಹುದೆಂದು ಕುರ್‌ಆನ್ ಅನುಮತಿ ಕೊಟ್ಟಿದೆ. ಹಗಲೆಲ್ಲ ಉಪವಾಸ, ರಾತ್ರಿಯಿಡೀ ಆರಾಧನೆ ಎಂದಿದ್ದ ಅಬ್ದುಲ್ಲಾ ಬಿನ್ ಅಮ್ರ್(ರ)ರಿಗೆ ದೇಹಕ್ಕೂ ನಿಮ್ಮ ಮೇಲೆ ಹಕ್ಕಿದೆಯೆಂದು ಪ್ರವಾದಿ(ಸ)ರು ನೆನಪಿಸಿದರು. ಫರ್ಝ್‌ಗೇ ರಿಯಾಯಿತಿ ಇರುವಾಗ ಒಗೆಯುವ ಬಟ್ಟೆ ಒಂದು ದಿನ ಕಾಯಬಾರದೇ?

ಮನೆಯವರಿಗೆ ಒಂದು ಮಾತು

'ಬೇಕಾದರೆ ಕರಿ' ಎಂದರೆ ಅವರು ಕರೆಯುವುದಿಲ್ಲ. ನೀರು ತರುವವರು ಯಾರು, ರಾತ್ರಿ ಪಾತ್ರೆ ತೊಳೆಯುವವರು ಯಾರು ಎಂದು ಮೊದಲೇ ಹಂಚಿಕೊಳ್ಳಿ. ಸೊಸೆ ಎದ್ದು ಓಡಾಡುತ್ತಿದ್ದಾಳೆ ಎಂದರೆ ಅವಳು ಪೂರ್ತಿ ಗುಣವಾಗಿದ್ದಾಳೆ ಎಂದಲ್ಲ. ಅತ್ತೆಯವರೇ "ಸಾಕಮ್ಮಾ, ಹೋಗಿ ಮಲಗು" ಎಂದರೆ ಅವಳ ಅರ್ಧ ಸಂಕೋಚ ಕಳೆಯುತ್ತದೆ. ತಟ್ಟೆ-ಲೋಟ ಬೇರೆ ಇಡಬೇಕಾಗಿಲ್ಲ. ಶ್ವಾಸಕೋಶದ ಟಿಬಿ ಹರಡುವುದು ಗಾಳಿಯಿಂದಲೇ ಹೊರತು ಪಾತ್ರೆಯಿಂದಲ್ಲ. ಕಿಟಕಿಗಳನ್ನು ತೆರೆದಿಡಿ. ಮನೆಯ ಎಲ್ಲರೂ, ಮುಖ್ಯವಾಗಿ ಚಿಕ್ಕ ಮಕ್ಕಳು, ತಪಾಸಣೆ ಮಾಡಿಸಿಕೊಳ್ಳಲಿ.

ಇದು ಬರೀ ದಣಿವಲ್ಲ

ಜ್ವರ ಮರಳಿದರೆ, ಕಫದಲ್ಲಿ ರಕ್ತ ಕಂಡರೆ, ತೂಕ ಇಳಿಯುತ್ತಿದ್ದರೆ, ಕೂತಲ್ಲೇ ಉಸಿರು ಕಟ್ಟಿದರೆ, ಕಣ್ಣು ಹಳದಿಯಾದರೆ, ದೃಷ್ಟಿ ಮಂಜಾದರೆ, ವಾಂತಿ ನಿಲ್ಲದಿದ್ದರೆ ವಿಶ್ರಾಂತಿಯಿಂದ ಸರಿಹೋದೀತೆಂದು ಕಾಯಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಮಾತ್ರೆ ಆರಂಭಿಸಿದ ಮೇಲೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದ್ದರೆ ಹೆದರಬೇಡಿ, ಅದು ಔಷಧಿಯ ಬಣ್ಣ.

ಮಾತ್ರೆಯನ್ನು ವೈದ್ಯರು ನಿಲ್ಲಿಸಿ ಎನ್ನುವವರೆಗೆ ಒಂದು ದಿನವೂ ತಪ್ಪಿಸಬೇಡಿ. ಕ್ಯಾಲೆಂಡರಿನಲ್ಲಿ ಮಾತ್ರೆಗೆ ಗುರುತು ಹಾಕುವಾಗ ಅಂದಿನ ವಿಶ್ರಾಂತಿಗೂ ಒಂದು ಗುರುತು ಹಾಕಿ. ಎರಡೂ ಗುರುತುಗಳಿದ್ದರೆ ಆ ದಿನದ ಚಿಕಿತ್ಸೆ ಪೂರ್ತಿಯಾಯಿತು.